ಫ್ರೀವೇ ಪಕ್ಕದ ಮನೆಯಲ್ಲಿ ಒಂಬತ್ತು ಶನಿವಾರ

ಮನೆ ಕೊಳ್ಳುವವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಭಾನುವಾರ ಬೆಳಗ್ಗೆ ಮನೆ ನೋಡಲು ಹೋಗಬೇಡಿ. ಏಜೆಂಟರು ಬಾಗಿಲು ತೆರೆದಿಡುವುದೇ ಆಗ, ಯಾಕೆಂದರೆ ಆ ಹೊತ್ತಿಗೆ ರಸ್ತೆ ಇನ್ನೂ ಮಲಗಿರುತ್ತದೆ. ಮಂಗಳವಾರ ಸಂಜೆ ಐದಕ್ಕೆ ಹೋಗಿ. ಒಳಗಿನ ಅಡುಗೆಮನೆ, ಬಚ್ಚಲು ಆಮೇಲೆ ನೋಡಿದರಾಯಿತು; ಮೊದಲು ಹಿತ್ತಿಲಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಅಲ್ಲಿ ಕಿವಿಗೆ ಬೀಳುವುದನ್ನು ಮೂವತ್ತು ವರ್ಷ ಕೇಳಲು ತಯಾರಿದ್ದೀರಾ ಎಂದು ಯೋಚಿಸಿ, ಆಮೇಲೆ ಬೆಲೆಯ ಮಾತು.

ಈ ಬುದ್ಧಿಯನ್ನು ಊರಿಗೆಲ್ಲ ಹಂಚುವ ನಾನು, ಒಂದು ಸಿನಿಮಾಕ್ಕೆಂದು ಮನೆ ಗೊತ್ತು ಮಾಡುವಾಗ ಮಾತ್ರ ಅದನ್ನು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಗೊತ್ತಿದ್ದೇ ಮಾಡಿದೆ.

ನನ್ನ ಕಸುಬು ಮನೆ ಸಿಂಗರಿಸುವುದು. ಇಲ್ಲಿ ಖಾಲಿ ಮನೆಯನ್ನು ಮಾರಾಟಕ್ಕಿಟ್ಟರೆ ಜನ ತಿರುಗಿ ನೋಡುವುದಿಲ್ಲ. ಒಳಗೆ ಒಂದು ಸೋಫಾ, ಗೋಡೆಗೊಂದು ಚಿತ್ರ, ಊಟದ ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟರೆ ಅದೇ ಮನೆಗೆ ಪೈಪೋಟಿ ಬೀಳುತ್ತದೆ. ಆ ಸೋಫಾ, ಚಿತ್ರ, ತಟ್ಟೆಗಳು ನನ್ನವು. ರಾಣೆಬೆನ್ನೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿಯ ಗಲ್ಲೆಯ ಪಕ್ಕ ಕೂತು ಬೆಳೆದವಳು ನಾನು. ಈ ದೇಶಕ್ಕೆ ಬಂದು ಮೊದಲೆರಡು ವರ್ಷ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಶನಿವಾರ ಬಂದರೆ ಜನ ಹಳೆ ಸಾಮಾನು ಮಾರಲು ಮನೆ ಮುಂದೆ ಹಾಕುವ ಯಾರ್ಡ್ ಸೇಲುಗಳಲ್ಲಿ ಸುಮ್ಮನೆ ಸುತ್ತಿ ಕೈಗೆ, ಕಣ್ಣಿಗೆ ಅಭ್ಯಾಸ ಮಾಡಿಕೊಂಡೆ. ಪರವಾನಗಿ ಬಂದ ವಾರವೇ ಮೊದಲ ಮೇಜು ಕೊಂಡೆ. ಈಗ ಹೇವರ್ಡ್‌ನಲ್ಲಿ ಒಂದು ಗೋದಾಮು ಇದೆ. ಚೌಕಾಶಿಯ ಒಂದೇ ಗುಟ್ಟು ಹೇಳಿಬಿಡುತ್ತೇನೆ, ಬೇಕಾದವರು ಬಳಸಿಕೊಳ್ಳಿ: ನಿಮ್ಮ ಮಾತು ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಆ ಮೌನದಲ್ಲಿ ಮೊದಲು ಮಾತಾಡಿದವರು ಸೋತರು. ಎದುರಿನವರು ಕೆಮ್ಮಿದರೂ ನೀವು ನೀರು ಬೇಕೇ ಎಂದು ಕೇಳಬೇಡಿ.

ಸಿನಿಮಾ ನಿರ್ದೇಶಿಸಬೇಕೆಂದು ಹೊರಟವನು ಮೆನ್ಲೋ ಪಾರ್ಕ್‌ನ ಒಂದು ಕಂಪನಿಯ ಇಂಜಿನಿಯರ್. ಬಸವನಗುಡಿಯ ಕಡೆಯವನು, ಮೂವತ್ತೈದರ ಆಸುಪಾಸು, ಕನ್ನಡ ಸಂಘದ ನಾಟಕಗಳಿಗೆ ಬೆಳಕು ಮಾಡುತ್ತಿದ್ದವನು. ಕತೆ ಸರಳವಾಗಿತ್ತು. ಒಬ್ಬ ಹಿರಿಯರಿಗೆ ಕಣ್ಣು ಮಂದವಾಗಿದೆ, ಕಾರು ಓಡಿಸುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದಾರೆ. ಅವರು ಕೀಲಿಕೈ ಕೊಡಲು ಒಪ್ಪುವುದಿಲ್ಲ. ಇಡೀ ಸಿನಿಮಾ ಒಂದೇ ಮನೆಯಲ್ಲಿ, ಹತ್ತು ಶನಿವಾರಗಳಲ್ಲಿ ಮುಗಿಯಬೇಕು. ಅವನು ನನ್ನ ಹತ್ತಿರ ಬಂದದ್ದು ಎರಡು ಸೋಫಾ ಕೇಳಲು. ಹೋಗುವಾಗ ನಾನು ಅವನ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ಅದು ಹೇಗಾಯಿತೆಂದು ಈಗಲೂ ನನಗೆ ಸರಿಯಾಗಿ ತಿಳಿಯದು. ಅವನ ಖರ್ಚಿನ ಪಟ್ಟಿ ನೋಡಿ ಇದಕ್ಕೆ ಇಷ್ಟೇಕೆ, ಅದಕ್ಕೆ ಅಷ್ಟೇಕೆ ಎಂದು ಗೀಟು ಹಾಕುತ್ತಾ ಹೋದೆ. ಕೊನೆಗೆ ಅವನು ಪೆನ್ನನ್ನು ನನ್ನ ಕೈಯಲ್ಲೇ ಬಿಟ್ಟುಹೋದ.

ಮನೆ ಸಿಕ್ಕಿದ್ದು ಹೇವರ್ಡ್ ಹತ್ತಿರದ ಊರು ಡಬ್ಲಿನ್‌ನಲ್ಲಿ. ಫ್ರೀವೇಗೆ ಬೆನ್ನು ಕೊಟ್ಟು ನಿಂತ ಮನೆ. ಹಿತ್ತಿಲ ಬೇಲಿ ಮುಗಿದಲ್ಲಿ ಸದ್ದು ತಡೆಯುವ ಗೋಡೆ, ಗೋಡೆಯಾಚೆ ಎರಡೂ ದಿಕ್ಕಿಗೆ ಲೆಕ್ಕವಿಲ್ಲದಷ್ಟು ಕಾರು, ಲಾರಿ. ತಿಂಗಳುಗಟ್ಟಲೆ ಮಾರಾಟಕ್ಕಿತ್ತು, ಗಿರಾಕಿ ಬಂದಿರಲಿಲ್ಲ. ಮಾಲೀಕರಿಗೆ ನಾನು ಹೇಳಿದ್ದು: ಮನೆಗೆ ನನ್ನ ಸಾಮಾನು ಹಾಕಿ ಪುಕ್ಕಟೆ ಸಿಂಗರಿಸುತ್ತೇನೆ, ಹತ್ತು ಶನಿವಾರ ನಮಗೆ ಬಿಡಿ. ಹೇಳಿ ಬಾಯಿ ಮುಚ್ಚಿಕೊಂಡೆ. ಅವರು ಒಪ್ಪಿದರು.

ನಿರ್ದೇಶಕ ಮನೆ ನೋಡಿ ತಲೆ ಮೇಲೆ ಕೈಹೊತ್ತ. ಸೌಂಡು ಹೇಗೆ ತಗೊಳೋದು ಅಕ್ಕಾ ಎಂದ. ಓಕ್ಲಂಡಿನಲ್ಲಿ ಒಬ್ಬ ಧ್ವನಿಗ್ರಾಹಕನನ್ನು ಅವನು ಗೊತ್ತು ಮಾಡಿಟ್ಟಿದ್ದ. ಸೆಟ್ಟಿನಲ್ಲಿ ಆಡಿದ ಮಾತನ್ನೇ ಸಿನಿಮಾದಲ್ಲಿ ಉಳಿಸಬೇಕೆಂಬುದು ಅವನ ಆಸೆ. ನಾನು ನಕ್ಕುಬಿಟ್ಟೆ. ನಮ್ಮ ಸಿನಿಮಾಗಳು ಯಾವತ್ತು ಹಾಗೆ ಆಗಿವೆ? ಶೂಟಿಂಗಿನಲ್ಲಿ ಯಾರು ಕೂಗಿದರೇನು, ಜನರೇಟರ್ ಗುಡುಗಿದರೇನು, ಆಮೇಲೆ ತಣ್ಣಗೆ ಸ್ಟುಡಿಯೋದಲ್ಲಿ ನಿಂತು ಡಬ್ಬಿಂಗ್ ಮಾಡುವುದು ತಾನೇ ರೂಢಿ. ಇಷ್ಟು ವರ್ಷ ಕೋಟಿ ಜನ ಅದನ್ನೇ ನೋಡಿ ಅತ್ತಿಲ್ಲವೇ, ನಕ್ಕಿಲ್ಲವೇ? ಡಬ್ಬಿಂಗ್ ಅಂತೂ ಇದ್ದೇ ಇದೆ, ಮನೆ ಪುಕ್ಕಟೆ, ಧ್ವನಿಯವನ ಖರ್ಚೂ ಉಳಿಯಿತು. ಒಂದೇ ಕಲ್ಲಿಗೆ ಎರಡು ಹಣ್ಣು ಕೆಡವಿದೆನೆಂದು ಆ ರಾತ್ರಿ ಗಂಡನ ಮುಂದೆ ಕೊಚ್ಚಿಕೊಂಡೆ ಕೂಡ.

ಹಿರಿಯರ ಪಾತ್ರಕ್ಕೆ ಬೇರೆ ಯಾರನ್ನೂ ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಧಾರವಾಡದ ಒಬ್ಬರಿದ್ದರು, ನಾವೆಲ್ಲ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆವು. ಡಬ್ಲಿನ್‌ನಲ್ಲಿ ಮನೆ, ಕೊಲ್ಲಿಯಾಚೆ ಮೆನ್ಲೋ ಪಾರ್ಕ್‌ನಲ್ಲಿ ಕೆಲಸ. ದಿನವೂ ಸೇತುವೆ ದಾಟಿ ಇಪ್ಪತ್ತೆರಡು ವರ್ಷ ಹೋಗಿಬಂದು ನಿವೃತ್ತರಾದವರು. ಸಂಘದ ನಾಟಕಗಳಲ್ಲಿ ಅವರು ರಂಗಕ್ಕೆ ಬಂದರೆ ಹಿಂದಿನ ಸಾಲಿನವರೂ ಫೋನು ಕೆಳಗಿಡುತ್ತಿದ್ದರು. ಮೇಲಿನ ಕಟ್ಟು ಹಲ್ಲಿನ ಸಂದಿಯಿಂದ ಅವರ ಸಕಾರಕ್ಕೆ ಒಂದು ಸಣ್ಣ ಸೀಟಿ ಸೇರಿಕೊಳ್ಳುತ್ತಿತ್ತು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಅವರಿಗೆ ಸಾವ್ಕಾರ್ತಿ.

ಅವರನ್ನು ಒಪ್ಪಿಸಲು ಹೋದವಳು ನಾನು. ಸಂಭಾವನೆ ಎಷ್ಟು ಕೇಳುತ್ತಾರೋ, ಎಷ್ಟಕ್ಕೆ ನಿಲ್ಲಿಸಬೇಕು ಎಂದೆಲ್ಲ ಕಾರಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅವರು ಕತೆ ಪೂರ್ತಿ ಕೇಳಿದರು. ಆಮೇಲೆ ತಮ್ಮದೊಂದು ಹಳೆಯ ಸಂಗತಿ ಹೇಳಿದರು. ಕಾಲೇಜು ಮುಗಿಸಿದ ವರ್ಷ ಬೆಂಗಳೂರಿಗೆ ಹೋಗಿ ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದರಂತೆ. ಬಿಡುಗಡೆಯಾದಾಗ ಗೆಳೆಯರನ್ನೆಲ್ಲ ಕಟ್ಟಿಕೊಂಡು ಥಿಯೇಟರಿಗೆ ಹೋದರೆ, ಪರದೆಯ ಮೇಲೆ ಬಾಯಿ ಇವರದು, ಮಾತು ಬೇರೆ ಯಾರದೋ. ನಿನ್ನ ಧಾರವಾಡದ ಭಾಷೆ ಗಂಭೀರ ಪಾತ್ರಕ್ಕೆ ಒಗ್ಗುವುದಿಲ್ಲ ಎಂದು ಇವರಿಗೆ ಹೇಳದೆಯೇ ಇನ್ನೊಬ್ಬರ ಕಂಠ ಹಾಕಿದ್ದರು. ಪಕ್ಕದಲ್ಲಿ ಕೂತ ಗೆಳೆಯ ಇದು ನೀನೇನಾ ಎಂದು ಕೇಳಿದನಂತೆ. ಮತ್ತೆ ಆ ಕಡೆ ತಲೆಹಾಕಲಿಲ್ಲ.

"ನನ್ನ ಮಾತು ನಾನ ಆಡ್ತೇನಿ. ಬ್ಯಾರೆ ಯಾರ ದನೀನೂ ನನ್ನ ಬಾಯಾಗ ಹಾಕಬಾರದು," ಎಂದರು ಕಾಕಾ.

"ಅಷ್ಟ ಏನ್ರಿ?"

"ಅಷ್ಟ. ಆದ್ರ ಇದರಾಗ ಚೌಕಾಶಿ ಇಲ್ಲ, ಸಾವ್ಕಾರ್ತಿ."

ಕೈ ಚಾಚಿದರು. ನಾನು ಕೈ ಕೊಟ್ಟೆ. ಖರ್ಚಿಲ್ಲದ ಷರತ್ತು, ಅಗ್ಗಕ್ಕೆ ಮುಗಿಯಿತು ಎಂದುಕೊಂಡೇ ಮನೆಗೆ ಬಂದೆ.

ಆ ಶನಿವಾರಗಳನ್ನು ನೆನೆದರೆ ಈಗಲೂ ನನಗೆ ಮೊದಲು ಬರುವುದು ಇಲೆಕ್ಟ್ರಿಕ್ ಕುಕ್ಕರಿನ ಉಪ್ಪಿಟ್ಟಿನ ವಾಸನೆ. ಬೆಳಗ್ಗೆ ಎಂಟಕ್ಕೆಲ್ಲ ಸೇರುತ್ತಿದ್ದೆವು. ಕ್ಯಾಮೆರಾದವನು ಮೈಸೂರಿನವನು, ಮದುವೆ, ನಿಖಾಹ್‌ಗಳ ಚಿತ್ರೀಕರಣವೇ ಅವನ ಕಸುಬು. ಮದುವೆಯಿಲ್ಲದ ಶನಿವಾರಗಳನ್ನು ಹುಡುಕಿ ನಮಗೆ ಕೊಟ್ಟಿದ್ದ. ಗ್ಯಾರೇಜೇ ನಮ್ಮ ಊಟದ ಮನೆ. ನನ್ನ ಗೋದಾಮಿನ ಮಡಚು ಕುರ್ಚಿಗಳನ್ನು ಸಾಲಾಗಿ ಹಾಕಿದ್ದೆ. ಮೆತ್ತೆ ಇದ್ದ ಒಂದೇ ಒಂದು ಕುರ್ಚಿಯ ಬೆನ್ನಿಗೆ ನಿರ್ದೇಶಕ ಟೇಪು ಅಂಟಿಸಿ 'ಕಾಕಾ' ಎಂದು ಬರೆದಿದ್ದ. ಮಧ್ಯಾಹ್ನ ಯುವಕರೆಲ್ಲ ಅನ್ನ, ಕಾಳು ಸುತ್ತಿದ ಬರಿಟೋ ತರಿಸಿಕೊಂಡರೆ, ಕಾಕಾನಿಗೆ ಕಾಕು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಅವರು ಬರಿಟೋವನ್ನು ಒಮ್ಮೆ ಬಿಚ್ಚಿ ನೋಡಿ, ಇದು ರೊಟ್ಟಿಯ ದಾಯಾದಿ, ಆಸ್ತಿ ಜಗಳ ಆಗಿ ದೂರ ಹೋಗಿರಬೇಕು ಎಂದಿದ್ದರು.

ಮಾತು ನೆನಪಿಟ್ಟುಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತು. ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ಹಳೆಯ ಸಿನಿಮಾಗಳಲ್ಲಿ ಮಾಡುತ್ತಿದ್ದ ಹಾಗೆ ಕ್ಯಾಮೆರಾದ ಪಕ್ಕ ನಿಂತು ನಾನು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಹಿಂದೆಯೇ ಆಡುತ್ತಿದ್ದರು. ಡಬ್ಬಿಂಗ್ ಇದೆಯಲ್ಲ, ನನ್ನ ದನಿ ಬಿದ್ದರೇನು? ಆದರೆ ನಾನು ಓದಿದ್ದನ್ನು ಅವರು ಎಂದೂ ಓದಿದ ಹಾಗೆ ಆಡಲಿಲ್ಲ. ನಿರ್ದೇಶಕ ಬೆಂಗಳೂರಿನ ಭಾಷೆಯಲ್ಲಿ ಎರಡು ಸಾಲು ಬರೆದಿದ್ದರೆ ಇವರ ಬಾಯಿಂದ ಮೂರು ಶಬ್ದ ಬರುತ್ತಿತ್ತು, ಧಾರವಾಡದ ಮೂರು ಶಬ್ದ, ಮತ್ತು ಅದೇ ಸರಿಯಾಗಿರುತ್ತಿತ್ತು. ನಿರ್ದೇಶಕ ಮೊದಲೆರಡು ವಾರ ತಿದ್ದಿದ. ಮೂರನೆಯ ವಾರದಿಂದ ಕಾಕಾ ಆಡಿದ್ದನ್ನು ತನ್ನ ಪ್ರತಿಯಲ್ಲಿ ಬರೆದುಕೊಳ್ಳತೊಡಗಿದ.

ಒಂಬತ್ತನೆಯ ಶನಿವಾರ ತೆಗೆದದ್ದು ಬಾಗಿಲ ದೃಶ್ಯ. ಮಗಳು ಬಚ್ಚಿಟ್ಟ ಕೀಲಿಕೈಯನ್ನು ಹಿರಿಯರು ಹುಡುಕಿ ತೆಗೆದು, ಹೆಂಡತಿಗೊಂದು ನೆಪ ಹೇಳಿ ಹೊರಟುಬಿಡುತ್ತಾರೆ. ಹತ್ತನೆಯ ಶನಿವಾರದ್ದು ಕೊನೆಯ ದೃಶ್ಯ: ವಾಪಸು ಬಂದು ಕೀಲಿಕೈಯನ್ನು ತಾವಾಗಿಯೇ ಮೇಜಿನ ಮೇಲೆ ಇಡುವುದು. ಬಾಗಿಲಲ್ಲಿ ಅವರು ಹೇಳಬೇಕಿದ್ದ ಸಾಲನ್ನು ಓದಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೆಂಡತಿಯ ಪಾತ್ರದವರ ಕಡೆ ತಿರುಗದೆ, ಚಪ್ಪಲಿ ಮೆಟ್ಟುತ್ತಾ, "ಹಾಲು ತರ್ತೇನಿ. ಅರ್ಧ ತಾಸಿನಾಗ ಬರ್ತೇನಿ" ಎಂದು ಹೇಳಿ ಹೊರಟುಹೋದರು. ಒಂದೇ ಟೇಕು. ಹೊರಗೆ ಹೋದವರು ಕಾರಿನಲ್ಲಿ ಕೂತೇ ಇದ್ದರು; ಕಟ್ ಎಂದದ್ದು ಕೇಳಿಸಿರಲಿಲ್ಲ. ನಾನೇ ಹೋಗಿ ಕರೆತಂದೆ.

ಮುಂದಿನ ಬುಧವಾರ ಬೆಳಗ್ಗೆ ಏಳಕ್ಕೆ ನಾನು ಫೋನಿನ ಗುಂಪಿಗೆ ಶನಿವಾರದ ಸಮಯ ಕಳಿಸಿದೆ. ಕಾಕಾ ಹೆಬ್ಬೆರಳಿನ ಗುರುತು ಹಾಕಿದರು. ಹನ್ನೊಂದಕ್ಕೆ ನಿರ್ದೇಶಕನ ಫೋನು ಬಂತು. ತಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿನ ಟೈರಿಗೆ ಗಾಳಿ ನೋಡಲು ಬಗ್ಗಿದ ಕಾಕಾ ಮತ್ತೆ ಏಳಲಿಲ್ಲ. ಹೃದಯ. ಆಂಬ್ಯುಲೆನ್ಸು ಬರುವಷ್ಟರಲ್ಲಿ ಮುಗಿದಿತ್ತು.

ಸಾವಿನ ಮನೆಗೆ ನಾನು ಮಾಡಬಲ್ಲದ್ದು ಕುರ್ಚಿ ಕಳಿಸುವುದು. ಕಳಿಸಿದೆ. ಸಂಜೆ ಹೋಗಿ ನೋಡಿದರೆ ಅವರ ಅಂಗಳದಲ್ಲಿ ಶೂಟಿಂಗಿನ ಅದೇ ಕುರ್ಚಿಗಳ ಸಾಲು. ನನ್ನ ಕೆಲಸದವರು ಗೊತ್ತಿಲ್ಲದೆ ಎಲ್ಲವನ್ನೂ ತಂದು ಹಾಕಿದ್ದರು. ಟೇಪು ಅಂಟಿಸಿದ ಕುರ್ಚಿಯ ಮೇಲೆ ಯಾರೋ ಕೂರಲು ಹೊರಟಿದ್ದರು. ಅವರಿಗೆ ಬೇರೆ ಕುರ್ಚಿ ತೋರಿಸಿ, ಅದನ್ನು ಮಡಚಿ, ಯಾರಿಗೂ ಕಾಣದಂತೆ ನನ್ನ ವ್ಯಾನಿಗೆ ಹಾಕಿಕೊಂಡೆ.

ಎರಡು ತಿಂಗಳು ಸಿನಿಮಾದ ಮಾತನ್ನೇ ಯಾರೂ ಎತ್ತಲಿಲ್ಲ. ಆಮೇಲೆ ಒಂದು ದಿನ ನಿರ್ದೇಶಕ ಲ್ಯಾಪ್‌ಟಾಪು ಹಿಡಿದು ಗೋದಾಮಿಗೆ ಬಂದ. ಡಬ್ಬಿಂಗಿಗೆ ತುಟಿ ಹೊಂದಿಸಲೆಂದು ಕ್ಯಾಮೆರಾ ತಾನಾಗಿ ಹಿಡಿದ ಸದ್ದಷ್ಟೇ ನಮ್ಮ ಹತ್ತಿರ ಇತ್ತು. ಕೇಳಿಸಿದ. ಮೊದಲು ಫ್ರೀವೇ. ಅದರ ಮೇಲೆ ನನ್ನ ದನಿ, ಸಂತೆಯಲ್ಲಿ ಕೂಗುವಂತೆ ಸಾಲು ಓದುತ್ತಿರುವುದು. ಎಲ್ಲಕ್ಕೂ ಅಡಿಯಲ್ಲಿ, ಗೋಡೆಯಾಚೆಯಿಂದ ಬಂದಂತೆ, ಕಾಕಾ.

"ಅಕ್ಕಾ, ಇದು ಯೂಸ್ ಆಗಲ್ಲ," ಎಂದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಓಕ್ಲಂಡಿನ ಧ್ವನಿಯವನ ಹೆಸರನ್ನೂ ಎತ್ತಲಿಲ್ಲ.

ಬೇರೆಯವರ ಕಂಠ ಹಾಕಿಸುವ ದಾರಿಯನ್ನು ನಾನೇ ಮುಚ್ಚಿದೆ. ಷರತ್ತಿನ ವಿಷಯ ಅವನಿಗೂ ಗೊತ್ತಿತ್ತು. ಅವನ ಬಳಿ ಇನ್ನೊಂದು ದಾರಿ ಇತ್ತು. ಮನುಷ್ಯನ ದನಿಯ ಮಾದರಿ ಕೊಟ್ಟರೆ ಕಂಪ್ಯೂಟರು ಅದೇ ದನಿಯಲ್ಲಿ ಬೇಕಾದ ಮಾತು ಆಡುತ್ತದಲ್ಲ, ಅದು. ಸಂಘದ ನಾಟಕಗಳ ವಿಡಿಯೋಗಳಿಂದ ಕಾಕಾನ ದನಿ ತೆಗೆದು, ಬಾಗಿಲ ದೃಶ್ಯದ ಸಾಲನ್ನು ಆಡಿಸಿ ತಂದಿದ್ದ. ಕೇಳಿದೆ. ಸ್ವಚ್ಛವಾಗಿತ್ತು. ಬೇರೆಯವರ ದನಿಯಲ್ಲ, ಅವರದೇ ಎಂದಾಯಿತಲ್ಲ, ಕೊಟ್ಟ ಕೈ ಉಳಿಯಿತು ಎಂದು ನನ್ನೊಳಗಿನ ವ್ಯಾಪಾರಿ ತಕ್ಷಣ ಲೆಕ್ಕ ಹಾಕಿದಳು. ಆದರೆ ಕಾಕುವನ್ನು ಕೇಳದೆ ಮಾಡುವ ಹಾಗಿರಲಿಲ್ಲ. ಕೇಳುವ ಕೆಲಸ ನನಗೇ ಬಿತ್ತು.

ಅವರ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ಕಾಕು ಚಹಾ ಮಾಡಿದರು, ಅಭ್ಯಾಸಬಲದಿಂದ ಮೂರು ಕಪ್ಪು ತೆಗೆದು ಒಂದನ್ನು ಕಪಾಟಿಗೆ ವಾಪಸು ಇಟ್ಟರು. ನಾನು ವಿಷಯ ಹೇಳಿ ಫೋನಿನಲ್ಲಿ ಆ ಸಾಲನ್ನು ಕೇಳಿಸಿದೆ.

"ಇದು ಯಾರವ್ವಾ?"

ಕಾಕಾನ ದನಿಯೇ, ಕಂಪ್ಯೂಟರಿನಲ್ಲಿ ಮಾಡಿದ್ದು ಎಂದೆ. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

"ಎಷ್ಟ ಛಂದ ಮಾತಾಡ್ತದ ಇದು. ಅವರು ನನ್ನ ಜೋಡಿ ಇಷ್ಟು ಛಂದ ಯಾವಾಗ ಮಾತಾಡಿದ್ರು?"

ನಗುತ್ತಲೇ ಹೇಳಿದ್ದು. ಆದರೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಸೀಟಿ ಇಲ್ಲ ಎಂದರು. ಮೆಟ್ಟಿಲು ಇಳಿಯುವಾಗ ಅವರಿಗೆ ಉಸಿರು ಹಿಡಿಯುತ್ತಿತ್ತು, ಇದಕ್ಕೆ ಹಿಡಿಯುವುದಿಲ್ಲ ಎಂದರು. ಬಾಯಲ್ಲಿ ಲವಂಗ ಇಟ್ಟುಕೊಂಡವರು ಹೀಗೆ ಮಾತಾಡುವುದಿಲ್ಲ ಎಂದೂ ಹೇಳಿದರು. ಆಮೇಲೆ ಸುಮ್ಮನಾದರು.

ನಾನು ಊರಿಗೆಲ್ಲ ಹೇಳಿಕೊಡುವ ಮೌನ ಅದು. ಅದರಲ್ಲಿ ಕೂತಿರುವುದು ನನಗೆ ಉಸಿರಾಡಿದಷ್ಟು ಸಲೀಸು. ಆವತ್ತು ಆಗಲಿಲ್ಲ. ನಾನೇ ಮೊದಲು ಬಾಯಿಬಿಟ್ಟೆ. ಮನೆ ಆರಿಸಿದ್ದು ನಾನು ಎಂದೆ. ಫ್ರೀವೇ ಇದೆ ಎಂದು ಗೊತ್ತಿತ್ತು, ನಿರ್ದೇಶಕ ಬೇಡ ಎಂದಿದ್ದ, ಧ್ವನಿಯವನನ್ನು ತಪ್ಪಿಸಿದ್ದೂ ನಾನೇ, ಅಗ್ಗಕ್ಕೆ ಬಿದ್ದು ಕಾಕಾನ ದನಿಯನ್ನು ಕಳೆದೆ, ಅವರಿಗೆ ಕೊಟ್ಟ ಮಾತನ್ನೂ ಕಳೆದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

ಕಾಕು ಹೋಗಲಿ ಬಿಡು ಎನ್ನಲಿಲ್ಲ. ಹಾಳಾದ ಆ ಮೂಲ ಸದ್ದನ್ನೇ ಕೇಳಿಸು ಎಂದರು.

ಗದ್ದಲ ಬಹಳ ಇದೆ, ಬೇಡ ಎಂದೆ. ಕೇಳಿಸು ಎಂದರು.

ಬಾಗಿಲ ದೃಶ್ಯವನ್ನೇ ಹಾಕಿದೆ. ಫ್ರೀವೇಯ ಮೊರೆತ ಅವರ ಅಡುಗೆಮನೆಯನ್ನು ತುಂಬಿತು. ಯಾವುದೋ ಲಾರಿ ಗೇರು ಬದಲಿಸಿತು. ಅದರ ಹಿಂದಿನಿಂದ ಕಾಕಾ ಹಾಲು ತರುತ್ತೇನೆ, ಅರ್ಧ ತಾಸಿನಲ್ಲಿ ಬರುತ್ತೇನೆ ಎಂದರು. ನಾನು ಫೋನು ತೆಗೆದುಕೊಳ್ಳಲು ಕೈ ಚಾಚಿದರೆ ಕಾಕು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಸದ್ದಿನ ಗುಂಡಿಯನ್ನು ಒತ್ತಿ ಒತ್ತಿ ಇನ್ನೂ ಜೋರು ಮಾಡಿದರು. ಮೂರು ಸಲ ಕೇಳಿದರು.

"ಇಪ್ಪತ್ತೆರಡು ವರ್ಷ ಸೇತುವೆ ದಾಟಿ ಹೋಗಿ ಬಂದ್ರು," ಎಂದರು. "ಮನ್ಯಾಗ ಕುಂತ್ರ ಟೀವಿ, ಪೇಪರ್ರು. ನನ್ನ ಜೋಡಿ ಮಾತಾಡಿದ್ದೆಲ್ಲಾ ಸಂಜೀಕ ಕಾರಿನಾಗಿಂದ, ಫೋನಿನಾಗ. ಹೊಂಟೇನಿ, ಟ್ರಾಫಿಕ್ ಅದ, ಅನ್ನಕ್ಕ ಇಡು. ಮಗಳು ಹೊಟ್ಟ್ಯಾಗ ಬಂದದ್ದು ನಾ ಹೇಳಿದ್ದೂ ಹಂಗ, ಅವರ ಅವ್ವ ಹೋದದ್ದು ನಾ ಹೇಳಿದ್ದೂ ಹಂಗ. ಈ ಸಪ್ಪಳ ತಗದ್ರ ಅವರ ದನಿ ನನಗ ಗುರ್ತ ಹತ್ತಂಗಿಲ್ಲವ್ವಾ."

ನೀವೇನು ಹೇಳುತ್ತಿದ್ದಿರಿ ಎಂದು ಕೇಳಿದೆ, ಏನಾದರೂ ಕೇಳಬೇಕಿತ್ತು ಎಂದು.

"ನಾ ಏನ್ ಹೇಳಲಿ. ಸಾವಕಾಶ ಬರ್ರಿ ಅಂತಿದ್ದೆ. ದಿನಾ ಅದ."

ಹೊರಡುವಾಗ ಬಾಗಿಲವರೆಗೂ ಬಂದರು. ಆ ಸದ್ದನ್ನು ಇದ್ದ ಹಾಗೇ ಇಡಿ ಎಂದು ಅವರು ಹೇಳಲಿಲ್ಲ. ಇಡದಿದ್ದರೆ ಸಿನಿಮಾ ತೋರಿಸಬೇಡಿ ಎಂದರು, ಅದೂ ತುಂಬ ಮೆಲ್ಲಗೆ. ಇಂಥ ಮಾತಿನ ಮುಂದೆ ಎರಡನೆಯ ಬೆಲೆ ಇರುವುದಿಲ್ಲ.

ನಿರ್ದೇಶಕನಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕಾಕುಗೆ ಸರಿ ಅಕ್ಕಾ, ಪ್ರೇಕ್ಷಕರಿಗೆ ಅದು ಬರೀ ಕೆಟ್ಟ ಸೌಂಡು, ಎದ್ದು ಹೋಗ್ತಾರೆ ಎಂದ. ಅವನು ಹೇಳಿದ್ದು ನ್ಯಾಯವೇ. ಆಗ ನನಗೆ ನನ್ನ ಕಸುಬು ನೆನಪಾಯಿತು. ಕೆಲವು ಮನೆಗಳಲ್ಲಿ ಪಡಸಾಲೆಯ ನಟ್ಟನಡುವೆ ಒಂದು ಕಂಬ ಇರುತ್ತದೆ. ಹೊಸಬರು ಅದನ್ನು ಪರದೆ, ಗಿಡ ಎಂದು ಮುಚ್ಚಲು ನೋಡುತ್ತಾರೆ. ನೋಡಿದವರ ಕಣ್ಣು ಅಲ್ಲಿಗೇ ಹೋಗುತ್ತದೆ. ನಾನು ಕಂಬಕ್ಕೆ ಆನಿಸಿ ಒಂದು ಒಳ್ಳೆಯ ಕುರ್ಚಿ ಹಾಕಿ, ಪಕ್ಕ ದೀಪ ಇಡುತ್ತೇನೆ. ಬಂದವರು ಕಂಬ ಬೇಕೆಂದೇ ಕಟ್ಟಿಸಿದ್ದು ಎಂದುಕೊಳ್ಳುತ್ತಾರೆ. ಮುಚ್ಚಲಾಗದ್ದನ್ನು ಮುಂದೆ ಇಡಬೇಕು. ಇದನ್ನು ಅವನಿಗೆ ಹೇಳಿ, ಸಿನಿಮಾ ಶುರುವಾಗುವುದೇ ಫ್ರೀವೇಯಿಂದ ಆಗಲಿ ಎಂದೆ.

ಅವನು ಬಾಗಿಲ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿದ. ಆಮೇಲೆ ಅವನದೇ ಒಂದು ಮಾತು ಹೇಳಿದ: "ಹಾಗಾದ್ರೆ ಕೊನೆ ಸೀನೂ ಬೇಡ. ಕಾಕಾ ಬಾಗಿಲಿಂದ ಹೊರಗೆ ಹೋಗ್ತಾರೆ, ಅಷ್ಟೇ. ವಾಪಸ್ ಬಂದಿದ್ದು ನಾವು ತೆಗೆದೇ ಇಲ್ವಲ್ಲ."

ಉಳಿದವರ ಮಾತು ಡಬ್ಬಿಂಗ್ ಆಗಿ ಸ್ವಚ್ಛವಾಗಿ, ಕಾಕಾನದು ಮಾತ್ರ ಗದ್ದಲದಲ್ಲಿ ಇದ್ದರೆ ತೇಪೆ ಕಾಣುತ್ತದೆ. ಹಾಗಾಗಿ ಎಲ್ಲರ ಮಾತಿನಡಿಗೂ ಹಾಸಲು ಫ್ರೀವೇಯ ಸದ್ದು ಬೇಕಾಯಿತು. ಅಷ್ಟರಲ್ಲಿ ಆ ಮನೆ ಮಾರಾಟವಾಗಿತ್ತು. ಹೊಸ ಮಾಲೀಕರ ಬಾಗಿಲು ಬಡಿದು, ನಿಮ್ಮ ಹಿತ್ತಿಲಲ್ಲಿ ಹತ್ತು ನಿಮಿಷ ನಿಲ್ಲಬೇಕು, ಸದ್ದು ಹಿಡಿದುಕೊಳ್ಳಲು ಎಂದು ಕೇಳಿದಾಗ ಅವರು ನನ್ನನ್ನು ಒಂದು ಥರ ನೋಡಿದರು. ಅವರು ಭಾನುವಾರ ಬೆಳಗ್ಗೆ ಮನೆ ನೋಡಿದವರು. ಮಂಗಳವಾರ ಸಂಜೆ ಐದಕ್ಕೆ ನಾನು, ಕ್ಯಾಮೆರಾದವನು ಬೇಲಿಯ ಹತ್ತಿರ ಮೈಕು ಹಿಡಿದು ನಿಂತೆವು. ಈ ಬಾರಿ ಬಾಡಿಗೆಗೆ ತಂದದ್ದು ಒಳ್ಳೆಯ ಮೈಕು, ಅಂಗಡಿಯವರು ಹೇಳಿದ ಬಾಡಿಗೆಗೇ. ಕೊಲ್ಲಿಯ ಕಡೆಯಿಂದ ಮನೆಗೆ ಮರಳುವ ಸಾಲು ಗೋಡೆಯಾಚೆ ಹರಿಯುತ್ತಲೇ ಇತ್ತು. ಇಷ್ಟು ಕಾರುಗಳಲ್ಲಿ ಎಷ್ಟು ಜನ ಮನೆಗೆ ಫೋನು ಹಚ್ಚಿ, ಅನ್ನಕ್ಕಿಡು ಎನ್ನುತ್ತಿರಬಹುದು ಎಂದುಕೊಂಡೆ. ಮೊದಲು ಯಾವತ್ತೂ ನನಗೆ ಆ ಸದ್ದಿನಲ್ಲಿ ಜನ ಇದ್ದಾರೆಂದು ಅನಿಸಿರಲಿಲ್ಲ; ಬೆಲೆ ಇಳಿಸುವ ಕಾರಣ ಎಂದಷ್ಟೇ ಗೊತ್ತಿತ್ತು.

ನನ್ನ ದನಿಯನ್ನು ನಿರ್ದೇಶಕ ಒಂದೊಂದಾಗಿ ಕತ್ತರಿಸಿ ತೆಗೆದ. ಅಡುಗೆಮನೆಯ ಒಂದು ದೃಶ್ಯದಲ್ಲಿ ಮಾತ್ರ ಕಾಕಾನ ಮಾತಿಗೂ ನನ್ನದಕ್ಕೂ ಗಂಟು ಬಿದ್ದು ಬಿಡಿಸಲಾಗಲಿಲ್ಲ. ಅವರು ಉಪ್ಪು ಕಡಿಮೆ ಎನ್ನುವಾಗ ಹಿಂದಿನಿಂದ ಒಬ್ಬ ಹೆಂಗಸು ಅದನ್ನೇ ಒರಟಾಗಿ ಹೇಳುವುದು ಕೇಳುತ್ತದೆ. ಪಕ್ಕದ ಮನೆಯವಳು ಎಂದು ಜನ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ.

ತೋರಿಸಿದ್ದು ಡಬ್ಲಿನ್‌ನಲ್ಲೇ, ಒಂದು ಶಾಲೆಯ ಸಭಾಂಗಣದಲ್ಲಿ, ಶನಿವಾರ ಮಧ್ಯಾಹ್ನ. ವಾಲ್ನಟ್ ಕ್ರೀಕ್‌ನಿಂದ, ಕೊಲ್ಲಿಯ ಆಚೆ ದಡದಿಂದಲೂ ಜನ ಬಂದಿದ್ದರು. ಮೊದಲ ಸಾಲಿನ ತುದಿಯಲ್ಲಿ ಮೆತ್ತೆಯ ಕುರ್ಚಿಯನ್ನು ಹಾಕಿ, ಟೇಪನ್ನು ಹಾಗೇ ಬಿಟ್ಟಿದ್ದೆ. ಕಾಕು ಬಂದು ಅದರ ಮೇಲೆ ಒಮ್ಮೆ ಕೈಯಾಡಿಸಿ, ಅದರಲ್ಲೇ ಕೂತರು. ನಾನು ಪಕ್ಕದಲ್ಲಿ ಕೂತೆ. ದೀಪ ಆರಿತು. ಪರದೆಯ ಮೇಲೆ ಏನೂ ಕಾಣುವ ಮೊದಲೇ ಫ್ರೀವೇ ಮೊರೆಯತೊಡಗಿತು. ಹಿಂದೆ ಯಾರೋ ಸ್ಪೀಕರು ಸರಿಯಿಲ್ಲ ಎಂದರು. ಆಮೇಲೆ ಗೋಡೆ ಕಂಡಿತು, ಕಾರುಗಳು ಕಂಡವು, ಗೋಡೆಯ ಈಚೆ ಆ ಮನೆ. ಸ್ಪೀಕರಿನವರು ಸುಮ್ಮನಾದರು.

ಕಾಕಾ ಮೊದಲ ಮಾತು ಆಡಿದಾಗ ಸೀಟಿ ಕೇಳಿಸಿತು. ಸಭಾಂಗಣದ ತುಂಬ ಒಂದು ಸಣ್ಣ ನಗು ಹರಿಯಿತು, ಗುರುತು ಸಿಕ್ಕವರ ನಗು. ಅವರ ಧಾರವಾಡದ ಮಾತಿಗೆ ಜನ ನಕ್ಕದ್ದು ಆ ಒಂದು ಸಲ ಮಾತ್ರ.

ಕಾಕು ಇಡೀ ಸಿನಿಮಾ ಅಲ್ಲಾಡದೆ ನೋಡಿದರು. ಅಡುಗೆಮನೆಯ ದೃಶ್ಯದಲ್ಲಿ ನನ್ನ ದನಿ ಬಂದಾಗ ಮಾತ್ರ ಮೊಣಕೈಯಿಂದ ನನ್ನನ್ನು ತಿವಿದರು. ಕೊನೆಗೆ ಬಾಗಿಲ ದೃಶ್ಯ ಬಂತು. ಕಾಕಾ ಕೀಲಿಕೈಯನ್ನು ಜೇಬಿಗಿಳಿಸಿ, ಗೋಡೆಗೆ ಒಂದು ಕೈ ಕೊಟ್ಟು ಚಪ್ಪಲಿ ಮೆಟ್ಟಿದರು. ಲಾರಿ ಗೇರು ಬದಲಿಸಿತು. ಹಾಲು ತರ್ತೇನಿ ಎಂದರು, ಅರ್ಧ ತಾಸಿನಾಗ ಬರ್ತೇನಿ ಎಂದರು, ಹೊರಗೆ ಹೋದರು. ಬಾಗಿಲು ತೆರೆದೇ ಇತ್ತು.

"ಹೂಂ," ಎಂದರು ಕಾಕು ನನ್ನ ಪಕ್ಕದಲ್ಲಿ, ಫೋನಿನಲ್ಲಿ ಮಾತಾಡುವಷ್ಟು ಗಟ್ಟಿಯಾಗಿ. "ಸಾವಕಾಶ ಬರ್ರಿ."

ಹಿಂದಿನ ಸಾಲಿನ ಒಬ್ಬರು ಮಾತಾಡಿದ್ದು ಯಾರೆಂದು ನೋಡಲು ಮುಂದಕ್ಕೆ ಬಾಗಿದರು. ನಾನು ಹಿಂದಕ್ಕೆ ತಿರುಗಿ ಅವರನ್ನೇ ದಿಟ್ಟಿಸಿದೆ, ಅವರು ಹಿಂದೆ ಸರಿಯುವವರೆಗೆ.